ಕಾಶ್ಮೀರಕ್ಕೆ ಹೋಗಿಬಂದ ಮೆಲ್ಬರ್ನ್ ನ್ಯಾಯಾಧೀಶ

ಮೆಲ್ಬರ್ನ್ ನಗರದ ವಿಲಿಯಂ ಸ್ಟ್ರೀಟ್‌ನಲ್ಲಿ ವಕೀಲರ ಕಚೇರಿಗಳಿಂದ ತುಂಬಿದ ಎತ್ತರದ ಕಟ್ಟಡಗಳಿವೆ. ಹೆಸರು ಓವನ್ ಡಿಕ್ಸನ್ ಚೇಂಬರ್ಸ್. ಆಸ್ಟ್ರೇಲಿಯಾದ ಕಾನೂನು ವಿದ್ಯಾರ್ಥಿಗಳಿಗೆ ಇದು ಚಿರಪರಿಚಿತ ಹೆಸರು. ಆದರೆ ಭಾರತದಿಂದ ಬಂದು ಇಲ್ಲಿ ನೆಲೆಸಿದ ನಮ್ಮಲ್ಲಿ ಹೆಚ್ಚಿನವರು, ಈ ಡಿಕ್ಸನ್ 1950ರಲ್ಲಿ ವಿಶ್ವಸಂಸ್ಥೆಯ ಪ್ರತಿನಿಧಿಯಾಗಿ ಕಾಶ್ಮೀರಕ್ಕೆ ಹೋಗಿದ್ದರೆಂಬುದನ್ನು ಅರಿಯರು. ಮೆಲ್ಬರ್ನ್ ಮತ್ತು ಸಿಡ್ನಿಯ ಉಪನಗರಗಳಲ್ಲಿ ಭಾರತೀಯರೂ ಪಾಕಿಸ್ತಾನಿಯರೂ ನೆರೆಹೊರೆಯವರಾಗಿ ಬಾಳುತ್ತಾರೆ. ದೇಶವಿಭಜನೆಯ ನೆನಪು ಎರಡೂ ಮನೆಗಳಲ್ಲಿದೆ. ಆದುದರಿಂದಲೇ ಡಿಕ್ಸನ್ ಅವರ ಬದುಕನ್ನು ಈ ಅಂಕಣದಲ್ಲಿ ಹೇಳಬೇಕೆನಿಸಿತು.

ಡಿಕ್ಸನ್ ಹುಟ್ಟಿದ್ದು 1886ರ ಏಪ್ರಿಲ್ 28ರಂದು, ಮೆಲ್ಬರ್ನ್‌ನ ಹಾಥಾರ್ನ್‌ನಲ್ಲಿ. ತಂದೆ ವಕೀಲರು. ಮಗ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಕಾನೂನಿನೊಂದಿಗೆ ಪ್ರಾಚೀನ ಗ್ರೀಕ್ ಮತ್ತು ಲ್ಯಾಟಿನ್ ಸಾಹಿತ್ಯವನ್ನೂ ಅಭ್ಯಾಸಮಾಡಿದರು; ಗ್ರೀಕ್ ಓದು ಕೊನೆಯವರೆಗೂ ಅವರ ಸಂಗಾತಿಯಾಗಿತ್ತು. 1910ರಲ್ಲಿ ವಕೀಲಿಕೆ ಆರಂಭಿಸಿ ಬಹುಬೇಗ ಹೆಸರು ಗಳಿಸಿದರು. ಮುಂದೆ ಪ್ರಧಾನಿಯಾದ ರಾಬರ್ಟ್ ಮೆಂಜಿಸ್ ಕಿರಿಯ ವಕೀಲರಾಗಿ ಕಲಿತದ್ದು ಇವರ ಕಚೇರಿಯಲ್ಲಿಯೇ. 1929ರಲ್ಲಿ ಡಿಕ್ಸನ್ ದೇಶದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟಿನ ನ್ಯಾಯಾಧೀಶರಾದರು.

ಆಗಿನ ಹೈಕೋರ್ಟ್ ಒಂದೆಡೆ ನೆಲೆನಿಂತದ್ದಲ್ಲ. ಮೆಲ್ಬರ್ನ್, ಸಿಡ್ನಿ ಮತ್ತಿತರ ರಾಜಧಾನಿಗಳಿಗೆ ಸಂಚರಿಸಿ ಕಲಾಪ ನಡೆಸುತ್ತಿತ್ತು. ಸಿಡ್ನಿಯಲ್ಲಿ ಅದರ ಪೀಠವಿದ್ದುದು ಡಾರ್ಲಿಂಗ್‌ಹರ್ಸ್ಟ್‌ನಲ್ಲಿ. ಈ ಎರಡು ನಗರಗಳ ನಡುವೆ ರೈಲಿನಲ್ಲಿ ಹೋಗುವವರು ರಾಜ್ಯಗಳ ಗಡಿಯ ಆಲ್ಬರಿಯಲ್ಲಿ ಇಳಿದು ಬೇರೆ ರೈಲು ಹತ್ತಬೇಕಿತ್ತು. ಎರಡು ರಾಜ್ಯಗಳ ಹಳಿಗಳ ಅಗಲ ಬೇರೆಬೇರೆ! 1901ರಲ್ಲಿ ಒಂದಾದ ದೇಶದಲ್ಲಿ ಈ ತೊಡಕು ನೀಗಿದ್ದು 1962ರಲ್ಲಿ. ರಾಜ್ಯಗಳಿಗೂ ಕೇಂದ್ರಕ್ಕೂ ನಡುವಿನ ಅಧಿಕಾರದ ಗೆರೆಯನ್ನು ನಿರ್ಣಯಿಸುವುದೇ ಡಿಕ್ಸನ್ ಅವರ ನಿತ್ಯದ ಕೆಲಸವಾಗಿತ್ತು.

ಎರಡನೆಯ ಮಹಾಯುದ್ಧ ಅವರನ್ನು ನ್ಯಾಯಪೀಠದಿಂದ ಹೊರಗೆಳೆಯಿತು. 1942ರಿಂದ 1944ರವರೆಗೆ ವಾಷಿಂಗ್ಟನ್‌ನಲ್ಲಿ ಆಸ್ಟ್ರೇಲಿಯಾದ ರಾಜತಾಂತ್ರಿಕ ಪ್ರತಿನಿಧಿಯಾಗಿ ದುಡಿದರು. ಆ ಅನುಭವವೇ ಮುಂದೆ ಅವರನ್ನು ನಮ್ಮ ಉಪಖಂಡಕ್ಕೆ ಕರೆತಂದಿತೆನ್ನಬಹುದು.

1947ರ ವಿಭಜನೆಯ ರಕ್ತಪಾತದ ಬೆನ್ನಿಗೇ ಕಾಶ್ಮೀರದಲ್ಲಿ ಯುದ್ಧವಾಯಿತು. 1949ರ ಜನವರಿ 1ರಂದು ಕದನವಿರಾಮ ಜಾರಿಗೆ ಬಂದಿತು. ಜುಲೈನಲ್ಲಿ ಕರಾಚಿಯಲ್ಲಿ ಕದನವಿರಾಮ ರೇಖೆಯನ್ನು ಗುರುತಿಸಲಾಯಿತು. ಆದರೆ ಸೇನೆಗಳನ್ನು ಹಿಂತೆಗೆಯುವ ಪ್ರಶ್ನೆ ಬಗೆಹರಿಯಲಿಲ್ಲ. 1950ರ ಮಾರ್ಚ್ 14ರಂದು ಭದ್ರತಾ ಮಂಡಳಿ ಒಬ್ಬನೇ ಪ್ರತಿನಿಧಿಯನ್ನು ಕಳುಹಿಸಲು ನಿರ್ಧರಿಸಿತು. ಆಯ್ಕೆಯಾದವರು ಡಿಕ್ಸನ್. ಆ ವರ್ಷ ಮಂಡಳಿಯಲ್ಲಿ ಭಾರತದ ಪರ ಕುಳಿತಿದ್ದವರು ನಮ್ಮ ದಕ್ಷಿಣ ಕನ್ನಡ ಮೂಲದ ಬೆನಗಲ್ ನರಸಿಂಗ ರಾವ್, ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಹಿರಿಯ ನ್ಯಾಯವೇತ್ತ. ಡಿಕ್ಸನ್ ಅವರಿಗಿಂತ ಒಂದೇ ವರ್ಷ ಕಿರಿಯರು.

ಅರವತ್ತನಾಲ್ಕರ ವಯಸ್ಸಿನ ಡಿಕ್ಸನ್ ಮೇ ತಿಂಗಳ ಕೊನೆಯಲ್ಲಿ ಬಂದಿಳಿದು, ರೇಖೆಯ ಎರಡೂ ಬದಿಗಳಲ್ಲಿ ಸಂಚರಿಸಿದರು. ಜುಲೈ 20ರಿಂದ ಐದು ದಿನ ದೆಹಲಿಯಲ್ಲಿ ಜವಾಹರಲಾಲ್ ನೆಹರೂ ಮತ್ತು ಲಿಯಾಖತ್ ಅಲಿ ಖಾನ್ ಅವರನ್ನು ಒಟ್ಟಿಗೆ ಕೂರಿಸಿ ಮಾತುಕತೆ ನಡೆಸಿದರು. ಯಾವ ಸೇನೆ ಮೊದಲು ಹಿಂದೆ ಸರಿಯಬೇಕು, ಜನಮತಗಣನೆಯ ಕಾಲದಲ್ಲಿ ಆಡಳಿತ ಯಾರ ಕೈಯಲ್ಲಿರಬೇಕು ಎಂಬಲ್ಲಿಗೆ ಎಲ್ಲವೂ ಬಂದು ನಿಲ್ಲುತ್ತಿತ್ತು. ಬಳಿಕ ಅವರು ಮತ್ತೊಂದು ದಾರಿ ಹುಡುಕಿದರು: ಒಲವು ಸ್ಪಷ್ಟವಾಗಿರುವ ಪ್ರದೇಶಗಳನ್ನು ಎರಡು ದೇಶಗಳಿಗೆ ಹಂಚಿ, ಕಣಿವೆಯಲ್ಲಿ ಮಾತ್ರ ಜನಮತಗಣನೆ ನಡೆಸುವುದು. ಡಿಕ್ಸನ್ ಯೋಜನೆಯೆಂದು ಇತಿಹಾಸದಲ್ಲಿ ಉಳಿದದ್ದು ಇದೇ. ಅದಕ್ಕೂ ಎರಡೂ ಕಡೆಯ ಒಪ್ಪಿಗೆ ದೊರೆಯಲಿಲ್ಲ.

ಸೆಪ್ಟೆಂಬರ್ 15ರಂದು ಸಲ್ಲಿಸಿದ ವರದಿಯಲ್ಲಿ ಅವರು ಸೋಲನ್ನು ಮುಚ್ಚಿಡಲಿಲ್ಲ. ಪಾಕಿಸ್ತಾನದ ಸೇನೆ ಗಡಿದಾಟಿ ಬಂದುದು ಅಂತಾರಾಷ್ಟ್ರೀಯ ಕಾನೂನಿಗೆ ವಿರುದ್ಧವೆಂಬ ನಿಲುವನ್ನು ಇಟ್ಟುಕೊಂಡೇ ಮುಂದುವರಿದರು. ಸೇನೆ ಹಿಂತೆಗೆತದ ಸಲಹೆಗಳನ್ನು ಭಾರತ ಒಪ್ಪುವ ಸಂಭವ ತಮಗೆ ಕಾಣಲಿಲ್ಲವೆಂದೂ ಬರೆದರು. ಇನ್ನು ಮುಂದಿನ ಹೊಣೆಯನ್ನು ಎರಡು ದೇಶಗಳಿಗೇ ಬಿಡುವುದು ಲೇಸೆಂದು ಸೂಚಿಸಿ, ತಮ್ಮನ್ನು ಬಿಡುಗಡೆ ಮಾಡುವಂತೆ ಕೋರಿದರು. ಆಗದ ಕೆಲಸವನ್ನು ಆಗಿಲ್ಲವೆಂದೇ ಬರೆದು ಸಹಿಹಾಕಿದ ಈ ಪ್ರಾಮಾಣಿಕತೆ ಅವರ ದೊಡ್ಡತನವೆಂದು ನಾನು ಭಾವಿಸುತ್ತೇನೆ. ಹುದ್ದೆಯಲ್ಲಿ ಮುಂದುವರಿಯಲೆಂದು ಹುಸಿ ಭರವಸೆ ಕೊಡುವುದು ಅವರಿಗೆ ಕಷ್ಟವೇನೂ ಆಗಿರಲಿಲ್ಲ.

ಅದೇ 1950ರಲ್ಲಿ ಮತ್ತೊಬ್ಬ ಆಸ್ಟ್ರೇಲಿಯನ್, ಸೇನಾಧಿಕಾರಿ ರಾಬರ್ಟ್ ನಿಮ್ಮೊ, ವಿಶ್ವಸಂಸ್ಥೆಯ ಸೇನಾ ವೀಕ್ಷಕರ ಮುಖ್ಯಸ್ಥರಾಗಿ ಕದನವಿರಾಮ ರೇಖೆಗೆ ಬಂದರು. 1966ರ ಜನವರಿಯಲ್ಲಿ ರಾವಲ್ಪಿಂಡಿಯಲ್ಲಿ ತೀರಿಕೊಳ್ಳುವವರೆಗೂ ಅದೇ ಹೊಣೆಯಲ್ಲಿದ್ದರು. ಸಂಧಾನ ನಿಂತರೂ ಕಾವಲು ನಿಲ್ಲಲಿಲ್ಲ.

ಡಿಕ್ಸನ್ ಮರಳಿ ಬಂದಾಗ ಇನ್ನೊಂದು ಪರೀಕ್ಷೆ ಕಾದಿತ್ತು. ಮೆಂಜಿಸ್ ಸರ್ಕಾರ ಕಮ್ಯುನಿಸ್ಟ್ ಪಕ್ಷವನ್ನು ನಿಷೇಧಿಸುವ ಕಾನೂನು ಮಾಡಿತ್ತು. ಅದರ ವಿರುದ್ಧ ವಾದಿಸಿದವರಲ್ಲಿ ಒಬ್ಬರು ಸಿಡ್ನಿಯ ಎಚ್. ವಿ. ಇವಾಟ್, ಹಿಂದೆ ಡಿಕ್ಸನ್ ಅವರ ಸಹ ನ್ಯಾಯಾಧೀಶರಾಗಿದ್ದು, 1948ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ಅಧ್ಯಕ್ಷರಾದವರು. 1951ರ ಮಾರ್ಚ್ 9ರಂದು ಆರು ನ್ಯಾಯಾಧೀಶರು ಒಂದಾಗಿ ಆ ಕಾನೂನನ್ನು ಅಸಿಂಧುಗೊಳಿಸಿದರು. ಆ ಆರು ಮಂದಿಯಲ್ಲಿ ಡಿಕ್ಸನ್ ಒಬ್ಬರು. ಶಿಷ್ಯನ ಸರ್ಕಾರವೆಂಬ ದಾಕ್ಷಿಣ್ಯ ಅಡ್ಡಬರಲಿಲ್ಲ. ಮರುವರ್ಷ ಅದೇ ಸರ್ಕಾರ ಅವರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ನೇಮಿಸಿತು. 1964ರವರೆಗೆ ಆ ಪೀಠವನ್ನು ಅವರು ಬೆಳಗಿದರು.

1972ರ ಜುಲೈ 2ರಂದು ಭಾರತ ಮತ್ತು ಪಾಕಿಸ್ತಾನ ಸಿಮ್ಲಾ ಒಪ್ಪಂದಕ್ಕೆ ಸಹಿ ಹಾಕಿ, ವಿವಾದಗಳನ್ನು ತಮ್ಮೊಳಗೆ ಮಾತನಾಡಿ ಬಗೆಹರಿಸಿಕೊಳ್ಳಲು ಒಪ್ಪಿದವು. ಡಿಕ್ಸನ್ ಇಪ್ಪತ್ತೆರಡು ವರ್ಷಗಳ ಹಿಂದೆ ಸೂಚಿಸಿದ್ದೂ ಅದನ್ನೇ. ಐದು ದಿನಗಳ ನಂತರ, ಜುಲೈ 7ರಂದು, ತಾವು ಹುಟ್ಟಿದ ಹಾಥಾರ್ನ್‌ನಲ್ಲಿಯೇ ಅವರು ಕಣ್ಮುಚ್ಚಿದರು.

ಈ ದೇಶಕ್ಕೆ ಬರಲಿರುವ ತರುಣರಿಗೆ ಒಂದು ಮಾತು. ಇಲ್ಲಿ ನಿಮ್ಮ ಸಹೋದ್ಯೋಗಿ ಲಾಹೋರಿನವನಾಗಿರಬಹುದು, ಪಕ್ಕದ ಮನೆಯಾಕೆ ಕರಾಚಿಯವಳಾಗಿರಬಹುದು. ಕಾಶ್ಮೀರದ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಆಗ ನಿಮ್ಮ ನಿಲುವನ್ನು ಬಿಡಬೇಕಿಲ್ಲ. ಎದುರಿನವರ ಮಾತನ್ನು ಪೂರ್ತಿ ಕೇಳಿ, ತಿಳಿದದ್ದನ್ನಷ್ಟೇ ಹೇಳಿದರೆ ಸಾಕು. ಮರುದಿನವೂ ಅವರೊಡನೆ ಕೂಡಿ ಬಾಳಬೇಕಲ್ಲವೇ?