ಮುಳ್ಳಿನ ಬೆನ್ನು ಹತ್ತಿದ ಮೆಚ್ನಿಕಾಫ್

ಕಾಲಿಗೆ ಮುಳ್ಳು ಚುಚ್ಚಿದ ಜಾಗ ಊದಿಕೊಂಡು ಕೀವಾಗೋದನ್ನ ನಾವೆಲ್ಲ ನೋಡಿದ್ದೇವೆ. ಆ ಕೀವಿನಲ್ಲಿ ಇರೋದು ಹೆಚ್ಚಾಗಿ ನಮ್ಮದೇ ಬಿಳಿ ರಕ್ತಕಣಗಳು. ಅವು ಅಲ್ಲಿಗೆ ಹೋಗೋದು ಕಾದಾಡೋಕೆ ಅಂತ ತೋರಿಸಿಕೊಟ್ಟವರು ಇಲ್ಯಾ ಮೆಚ್ನಿಕಾಫ್.

1845ರಲ್ಲಿ ಇಂದಿನ ಉಕ್ರೇನಿನ ಖಾರ್ಕಿವ್ ಬಳಿ ಹುಟ್ಟಿದ ಇವರು ಪ್ರಾಣಿಶಾಸ್ತ್ರಜ್ಞರು, ಡಾಕ್ಟರಲ್ಲ. ಬದುಕು ಸುಲಭದ್ದಾಗಿರಲಿಲ್ಲ. ಮೊದಲ ಹೆಂಡತಿ 1873ರಲ್ಲಿ ಕ್ಷಯದಿಂದ ತೀರಿಕೊಂಡಾಗ ಜೀವ ಕಳೆದುಕೊಳ್ಳಲು ಹೋಗಿ ಉಳಿದರು. ಎರಡನೇ ಹೆಂಡತಿ ಓಲ್ಗಾ ಟೈಫಾಯ್ಡ್‌ನಿಂದ ಮಲಗಿದಾಗ ಮತ್ತೆ ಅದೇ ಹತಾಶೆ, ಮತ್ತೆ ಉಳಿದರು. 1882ರಲ್ಲಿ ಒಡೆಸ್ಸಾ ವಿಶ್ವವಿದ್ಯಾಲಯದ ಗಲಾಟೆಗಳಿಂದ ಬೇಸತ್ತು, ಕೆಲಸ ಬಿಟ್ಟು ಇಟಲಿಯ ಮೆಸ್ಸಿನಾಕ್ಕೆ ಹೋದರು.

ಅಲ್ಲೊಂದು ದಿನ ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದರು. ಮೆಚ್ನಿಕಾಫ್ ಒಬ್ಬರೇ ಕೂತು, ಗಾಜಿನಂಥ ನಕ್ಷತ್ರಮೀನಿನ ಮರಿಯೊಳಗೆ ಓಡಾಡುವ ಕಣಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದರು. ಇವು ದೇಹದ ಕಾವಲುಗಾರರೇ ಇರಬಹುದಲ್ವಾ ಅನ್ನಿಸಿತು. ತೋಟದಿಂದ ಗುಲಾಬಿ ಮುಳ್ಳು ತಂದು ಮರಿಗಳ ಮೈಗೆ ಚುಚ್ಚಿಟ್ಟರು. ರಾತ್ರಿಯಿಡೀ ನಿದ್ದೆಯಿಲ್ಲ. ಬೆಳಗ್ಗೆ ನೋಡಿದರೆ ಕಣಗಳು ಮುಳ್ಳನ್ನು ಮುತ್ತಿಕೊಂಡಿದ್ದವು!

ಎಲ್ಲರೂ ಒಪ್ಪಲಿಲ್ಲ. ರೋಗಾಣುಗಳನ್ನು ಕೊಲ್ಲೋದು ರಕ್ತದ ದ್ರವ, ಕಣಗಳಲ್ಲ ಅಂತ ಜರ್ಮನಿಯ ವಿಜ್ಞಾನಿಗಳು ವಾದಿಸಿದರು. 1888ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ ಸೇರಿದ ಮೆಚ್ನಿಕಾಫ್ ಕೊನೆವರೆಗೂ ಅಲ್ಲೇ ದುಡಿದರು. 1908ರ ನೊಬೆಲ್ ಬಂದಿದ್ದು ಇವರಿಗೂ, ಎದುರು ಪಕ್ಷದ ಪಾಲ್ ಏರ್ಲಿಖ್‌ಗೂ ಜಂಟಿಯಾಗಿ. ಎರಡೂ ಕಡೆ ನಿಜವಿತ್ತು. ಮುಪ್ಪಿನಲ್ಲಿ ಮೊಸರಿನ ಬ್ಯಾಕ್ಟೀರಿಯಾ ಆಯುಸ್ಸು ಹೆಚ್ಚಿಸುತ್ತೆ ಅಂತ ನಂಬಿ ಹುಳಿ ಹಾಲು ಕುಡಿಯುತ್ತಿದ್ದರು. 1916ರಲ್ಲಿ ತೀರಿಕೊಂಡರು.

ಕಣ ಮುಳ್ಳಿನ ಹತ್ತಿರ ನಿಲ್ಲೋದು ಹೇಗೆ? ಅದು ಗೊತ್ತಾಗಿದ್ದು ಅವರ ಕಾಲದ ಎಷ್ಟೋ ವರ್ಷಗಳ ನಂತರ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದೊಂದು ಕಂಟ್ರೋಲ್ ಸಿಸ್ಟಮ್, ಸಿಗ್ನಲ್ಲೇ ಕ್ಯಾಲ್ಸಿಯಂ. ಕಣದ ಹೊರಗಿನ ಕ್ಯಾಲ್ಸಿಯಂ ಒಳಗಿನದಕ್ಕಿಂತ ಸುಮಾರು 10,000 ಪಟ್ಟು ಹೆಚ್ಚು. ರಕ್ತನಾಳದ ಗೋಡೆ ಮೇಲೆ ಉರುಳುತ್ತಿರುವ ಬಿಳಿ ಕಣಕ್ಕೆ ಗಾಯದ ಕಡೆಯಿಂದ ರಾಸಾಯನಿಕ ಸುಳಿವು ಸಿಕ್ಕರೆ, ಮೊದಲು ಒಳಗಿನ ಉಗ್ರಾಣದಿಂದ ಕ್ಯಾಲ್ಸಿಯಂ ಬಿಡುಗಡೆಯಾಗುತ್ತೆ. ಉಗ್ರಾಣ ಖಾಲಿಯಾಗುತ್ತಿದ್ದಂತೆ ಹೊರಪೊರೆಯ ಬಾಗಿಲು ತೆರೆದು ಇನ್ನಷ್ಟು ಒಳಗೆ ಬರುತ್ತೆ. ಇದರ ನೆರವಿನಿಂದ ಇಂಟೆಗ್ರಿನ್ ಎಂಬ ಪ್ರೋಟೀನ್ ಬಿಗಿಯಾಗಿ, ಕಣ ಗೋಡೆಗೆ ಅಂಟಿ ನಿಲ್ಲುತ್ತೆ, ಆಮೇಲೆ ಸಂದಿಯಲ್ಲಿ ನುಸುಳಿ ಹೊರಬರುತ್ತೆ. ತೆವಳುವಾಗ ಹಿಂಬದಿಯ ಹಿಡಿತ ಬಿಡೋಕೂ ಕೆಲವು ಕಡೆ ಕ್ಯಾಲ್ಸಿಯಮ್ಮೇ ಬೇಕು.

ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಈ ಇಂಟೆಗ್ರಿನ್ ಕೆಟ್ಟಿರುತ್ತೆ. ರಕ್ತದ ತುಂಬ ಬಿಳಿ ಕಣಗಳಿದ್ದರೂ ಅವು ಗಾಯಕ್ಕೆ ತಲುಪಲ್ಲ. ಸೋಂಕು ಮತ್ತೆ ಮತ್ತೆ ಬರುತ್ತೆ, ಗಾಯ ಬೇಗ ಮಾಯಲ್ಲ, ಕೀವೂ ಆಗಲ್ಲ.