ಎಂಗ್ ಪೂನ್ ಚ್ಯೂ ಎಂಬ ಸಭಾಪಾಲಕನ ಚರಿತ್ರೆ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಹೋದವರ ಸಂಕಟವನ್ನು ನಮ್ಮ ಸಭೆಗಳವರು ಬಲ್ಲರು. ಸಮುದ್ರದಾಚೆ ಅಂಥವರ ಪಕ್ಷವಾಗಿ ನಿಂತ ಒಬ್ಬ ಸಭಾಪಾಲಕನ ಚರಿತ್ರೆಯನ್ನು ಈ ಸಾರಿ ಬರೆಯುತ್ತೇವೆ.

ಎಂಗ್ ಪೂನ್ ಚ್ಯೂ ಎಂಬವನು ೧೮೬೬ನೆಯ ಇಸವಿಯಲ್ಲಿ ದಕ್ಷಿಣ ಚೀನದಲ್ಲಿ ಹುಟ್ಟಿದನು. ೧೮೮೧ರಲ್ಲಿ ಅಮೇರಿಕದ ಕ್ಯಾಲಿಫೋರ್ನಿಯ ಸೀಮೆಗೆ ಬಂದು, ಪರರ ಮನೆಯಲ್ಲಿ ಊಳಿಗ ಮಾಡುತ್ತಾ ವಿದ್ಯೆ ಕಲಿತನು. ಆ ಸೀಮೆಯಲ್ಲಿ ಚೀನರು ಗಣಿಗಳಲ್ಲಿ ಅಗೆದು, ಬೆಟ್ಟಗಳನ್ನು ಕೊರೆದು ರೈಲುದಾರಿ ಹಾಕಿದ್ದರು. ಕೆಲಸವು ತೀರಿದ ಮೇಲೆ, ಇವರು ಕಡಿಮೆ ಕೂಲಿಗೆ ದುಡಿದು ತಮ್ಮ ಅನ್ನವನ್ನು ಕಸಿಯುತ್ತಾರೆಂದು ಬಿಳಿಯರು ಹಗೆಗೊಂಡರು. ಚೀನ ಕೂಲಿಗಾರರು ಒಳಗೆ ಬರಬಾರದೆಂದೂ, ಚೀನರಿಗೆ ಪ್ರಜೆಯ ಹಕ್ಕು ದೊರೆಯಬಾರದೆಂದೂ ೧೮೮೨ರಲ್ಲಿ ಕಾನೂನಾಯಿತು.

ಪೂನ್ ಚ್ಯೂ ಕ್ರಿಸ್ತನನ್ನು ನಂಬಿ, ಸಾನ್‌ಫ್ರಾನ್ಸಿಸ್ಕೋ ದೈವಜ್ಞಾನಶಾಲೆಯಲ್ಲಿ ಕಲಿತು, ೧೮೯೨ರಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿ, ಪ್ರೆಸ್ಬಿಟೇರಿಯನ್ ಸಭೆಯ ಬೋಧಕನಾದನು. ಅದೇ ವರುಷ ಸರಕಾರವು ಆ ಕಾನೂನನ್ನು ಇನ್ನೂ ಹತ್ತು ವರುಷ ಮುಂದುವರಿಸಿ, ಅಲ್ಲಿದ್ದ ಪ್ರತಿಯೊಬ್ಬ ಚೀನ ಕೂಲಿಗಾರನು ರಹದಾರಿ ಪತ್ರವನ್ನು ಪಡೆದಿರಬೇಕೆಂದು ವಿಧಿಸಿತು. ಪತ್ರವಿಲ್ಲದವನನ್ನು ಹಿಡಿದು ದೇಶದಿಂದ ಹೊರಡಿಸಬಹುದಾಗಿತ್ತು. ಹೀಗೆ ಸಭೆಯು ಯಾರನ್ನು ಸಹೋದರನೆಂದು ಸೇರಿಸಿಕೊಂಡಿತೋ, ಅವನ ಜನವನ್ನು ರಾಜ್ಯವು ಕಳ್ಳರಂತೆ ಎಣಿಸಿತು.

ಆತನು ದ್ವೇಷವನ್ನು ಬೆಳಸಲಿಲ್ಲ, ಬಾಯಿ ಮುಚ್ಚಿಕೊಂಡೂ ಇರಲಿಲ್ಲ. ೧೯೦೦ರಲ್ಲಿ ಸಾನ್‌ಫ್ರಾನ್ಸಿಸ್ಕೋ ಪಟ್ಟಣದಲ್ಲಿ ಚುಂಗ್ ಸಾಯ್ ಯಾಟ್ ಪೋ ಎಂಬ ಚೀನ ದಿನಪತ್ರಿಕೆಯನ್ನು ಹೊರಡಿಸಿದನು. ೧೯೦೬ರ ಭೂಕಂಪದಲ್ಲಿಯೂ ಬೆಂಕಿಯಲ್ಲಿಯೂ ಚೀನರ ಕೇರಿಯು ನಾಶವಾಯಿತು. ಅವರನ್ನು ಪಟ್ಟಣದ ಅಂಚಿಗೆ ದೂಡಬೇಕೆಂದು ಕೆಲವರು ಯೋಚಿಸಿದಾಗ, ಇದ್ದ ಸ್ಥಳದಲ್ಲಿಯೇ ಮನೆ ಕಟ್ಟಿರೆಂದು ಆ ಪತ್ರಿಕೆಯು ಧೈರ್ಯ ಹೇಳಿತು. ಕೇರಿಯು ಅಲ್ಲಿಯೇ ಮರಳಿ ಎದ್ದಿತು. ವರ್ತಕರು, ಉಪಾಧ್ಯಾಯರು, ವಿದ್ಯಾರ್ಥಿಗಳು ಮುಂತಾದವರು ಬರುವದಕ್ಕೆ ಕಾನೂನಿನ ತಡೆ ಇರಲಿಲ್ಲ. ಆದರೂ ಅವರನ್ನು ಸಹ ರೇವಿನಲ್ಲಿ ಅಪರಾಧಿಗಳಂತೆ ತಡೆದು ವಿಚಾರಿಸುತ್ತಿದ್ದರು. ಈ ಅನ್ಯಾಯವನ್ನು ಆತನು ೧೯೦೮ರಲ್ಲಿ ಇಂಗ್ಲಿಷ್ ಭಾಷೆಯ ಒಂದು ಚಿಕ್ಕ ಪುಸ್ತಕದಲ್ಲಿ ಬಿಡಿಸಿ ತೋರಿಸಿದನು. ಆ ದೇಶದ ಅನೇಕ ಊರುಗಳಿಗೆ ಹೋಗಿ, ಬಿಳಿಯರ ಮುಂದೆಯೇ ಉಪನ್ಯಾಸ ಮಾಡಿದನು.

ಐವತ್ತು ವರುಷ ಅಲ್ಲಿ ಬಾಳಿ ೧೯೩೧ರಲ್ಲಿ ತೀರಿಹೋದನು. ಆ ಕಾನೂನು ೧೯೪೩ರಲ್ಲಿ ರದ್ದಾಯಿತು; ಆಗಲೂ ವರುಷಕ್ಕೆ ೧೦೫ ಚೀನರಿಗೆ ಮಾತ್ರ ಬಾಗಲು ತೆರೆಯಿತು. ೧೯೧೭ರಲ್ಲಿ ನಮ್ಮ ದೇಶದವರಿಗೂ ಮುಚ್ಚಿದ್ದ ಬಾಗಲು ೧೯೪೬ರಲ್ಲಿ ಸ್ವಲ್ಪ ತೆರೆಯಿತು.

ಬಿತ್ತಿದವನು ಕೊಯ್ಲನ್ನು ಕಾಣಲಿಲ್ಲ. ಆದರೂ ಬಿತ್ತುವದನ್ನು ಬಿಡಲಿಲ್ಲ. ಪರದೇಶಿಯನ್ನು ಬಾಧಿಸಬಾರದೆಂಬ ಆಜ್ಞೆಯನ್ನು ಕ್ರೈಸ್ತರೆನಿಸಿಕೊಂಡ ಅನೇಕರು ಅಲ್ಲಿ ಮರೆತರು. ನಮ್ಮ ಊರಿಗೆ ಕೂಲಿಗಾಗಿ ಬಂದವರನ್ನು ನಾವು ಹೇಗೆ ಕಾಣುತ್ತೇವೆಂದು ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳೋಣ.