ಯೋಚಿಸಿಯೇ ರೇಡಿಯೊ ರಿಪೇರಿ ಮಾಡಿದ ಹುಡುಗ

ಮಕ್ಕಳೇ, ಕೆಟ್ಟ ಕಂಪ್ಯೂಟರನ್ನು ರಿಪೇರಿ ಮಾಡುವುದನ್ನು ನೀವು ನೋಡಿದ್ದೀರಾ? ಮದರ್‌ಬೋರ್ಡ್ ಎಂಬ ಹಲಗೆಯ ಮೇಲೆ ನೂರಾರು ಪುಟ್ಟ ಬಿಡಿಭಾಗಗಳಿರುತ್ತವೆ. ಅವುಗಳಲ್ಲಿ ಕೆಟ್ಟಿರುವುದು ಯಾವುದೋ ಒಂದೇ ಇರಬಹುದು. ಅದನ್ನು ಪತ್ತೆ ಹಚ್ಚುವುದು ಹೇಗೆ? ಈ ಕೆಲಸದಲ್ಲಿ ಚಿಕ್ಕಂದಿನಿಂದಲೇ ಪಳಗಿದ್ದ ವಿಜ್ಞಾನಿ ರಿಚರ್ಡ್ ಫೈನ್‌ಮನ್.

ಫೈನ್‌ಮನ್ 1918ರ ಮೇ 11ರಂದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಬಾಲ್ಯದಲ್ಲಿ ಮನೆಯಲ್ಲೇ ಪುಟ್ಟ ಪ್ರಯೋಗಾಲಯ ಮಾಡಿಕೊಂಡು, ಹಳೆಯ ರೇಡಿಯೊಗಳನ್ನು ಕೊಂಡು ತಂದು ಬಿಚ್ಚಿ ನೋಡುತ್ತಿದ್ದರು. 1929ರ ನಂತರ ಅಮೆರಿಕದಲ್ಲಿ ಹಣದ ಮುಗ್ಗಟ್ಟು ಬಂತು. ದುಬಾರಿ ರಿಪೇರಿಯವರನ್ನು ಕರೆಸಲಾಗದ ಜನ ಈ ಹುಡುಗನನ್ನೇ ಕರೆಯತೊಡಗಿದರು.

ಒಂದು ಮನೆಯ ರೇಡಿಯೊ ಹಾಕಿದೊಡನೆ ಕರ್ಕಶವಾಗಿ ಗದ್ದಲ ಮಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ತಾನಾಗಿಯೇ ಸರಿಹೋಗುತ್ತಿತ್ತು. ಹುಡುಗ ಅದನ್ನು ಮುಟ್ಟದೆ ಅತ್ತಿಂದಿತ್ತ ಓಡಾಡುತ್ತಾ ಯೋಚಿಸತೊಡಗಿದ. ಮನೆಯಾತನಿಗೆ ಸಿಟ್ಟು ಬಂತು. ಆಗಿನ ರೇಡಿಯೊಗಳಲ್ಲಿ ಗಾಜಿನ ವಾಲ್ವ್‌ಗಳಿದ್ದವು. ಕಾದ ಮೇಲೆಯೇ ಅವು ಕೆಲಸ ಮಾಡುತ್ತಿದ್ದವು. ಧ್ವನಿಯನ್ನು ಹೆಚ್ಚಿಸುವ ವಾಲ್ವ್ ಮೊದಲೇ ಕಾದು, ನಿಲಯದ ಸಂಕೇತವನ್ನು ಹಿಡಿಯುವ ವಾಲ್ವ್ ತಡವಾಗಿ ಕಾದರೆ? ಸಂಕೇತ ಬರುವ ಮೊದಲು ಗದ್ದಲವೇ ದೊಡ್ಡದಾಗಿ ಕೇಳಬೇಕಲ್ಲವೇ! ಹುಡುಗ ವಾಲ್ವ್‌ಗಳನ್ನು ಕಿತ್ತು, ಅದಲು ಬದಲು ಮಾಡಿ ಕೂರಿಸಿದ. ರೇಡಿಯೊ ಸದ್ದಿಲ್ಲದೆ ಕಾದು, ನಂತರ ಚೆನ್ನಾಗಿ ಹಾಡಿತು. ಸಿಟ್ಟಾಗಿದ್ದ ಆ ಮನುಷ್ಯನೇ ಊರಲ್ಲೆಲ್ಲಾ ಇವನನ್ನು ಹೊಗಳಿಕೊಂಡು ಬಂದ.

ಎರಡನೆಯ ಮಹಾಯುದ್ಧದ ಸಮಯದಲ್ಲಿ ಫೈನ್‌ಮನ್ ಲಾಸ್ ಅಲಮೋಸ್‌ನಲ್ಲಿದ್ದರು. ಅಲ್ಲಿ ಅಣುಬಾಂಬ್ ತಯಾರಿಯ ಕೆಲಸ ನಡೆದಿತ್ತು. ಲೆಕ್ಕಕ್ಕೆ ಹಲ್ಲುಚಕ್ರಗಳ ಯಂತ್ರಗಳಿದ್ದವು. ಕೆಟ್ಟರೆ ಅವನ್ನು ಕಾರ್ಖಾನೆಗೇ ಕಳಿಸಬೇಕಿತ್ತು. ಫೈನ್‌ಮನ್ ಮತ್ತು ಗೆಳೆಯ ನಿಕೊಲಾಸ್ ಮೆಟ್ರೊಪೊಲಿಸ್ ಮುಚ್ಚಳ ತೆಗೆದೇಬಿಟ್ಟರು! ಕೆಟ್ಟ ಯಂತ್ರದ ಪಕ್ಕದಲ್ಲಿ ಸರಿಯಾದದ್ದನ್ನು ಇಟ್ಟು ಹೋಲಿಸಿ ನೋಡಿದರು. ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ದೋಷ. ಇದು ಸಮಯ ವ್ಯರ್ಥವೆಂದು ಮೇಲಿನವರು ನಿಲ್ಲಿಸಿದರು. ಕೆಟ್ಟ ಯಂತ್ರಗಳು ರಾಶಿ ಬಿದ್ದ ಮೇಲೆ ಮತ್ತೆ ಒಪ್ಪಿಗೆ ಕೊಟ್ಟರು.

ಈ ಉಪಾಯವನ್ನು ನೀವೂ ಮಾಡಿ ನೋಡಬಹುದು. ಉರಿಯದ ಟಾರ್ಚ್ ಜೊತೆ ಅದೇ ಬಗೆಯ ಉರಿಯುವ ಟಾರ್ಚ್ ತೆಗೆದುಕೊಳ್ಳಿ. ಮೊದಲು ಸೆಲ್ಲುಗಳನ್ನು, ಆಮೇಲೆ ಬಲ್ಬನ್ನು ಬದಲಾಯಿಸಿ. ಒಂದು ಸಲಕ್ಕೆ ಒಂದೇ ಭಾಗ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತೆಂದು ತಿಳಿಯುವುದಿಲ್ಲ. (ಕರೆಂಟಿನ ಯಾವ ಸಾಧನವನ್ನೂ ಬಿಚ್ಚಬೇಡಿ.)

ಬೆಳಕು ಮತ್ತು ಎಲೆಕ್ಟ್ರಾನುಗಳ ಕುರಿತ ಸಿದ್ಧಾಂತಕ್ಕಾಗಿ ಫೈನ್‌ಮನ್‌ರಿಗೆ 1965ರಲ್ಲಿ, ಇನ್ನಿಬ್ಬರೊಡನೆ, ನೊಬೆಲ್ ಪ್ರಶಸ್ತಿ ಬಂತು.

1986ರ ಜನವರಿ 28ರಂದು ಚಾಲೆಂಜರ್ ಎಂಬ ಅಮೆರಿಕದ ಗಗನನೌಕೆ ಮೇಲೇರಿದ 73 ಸೆಕೆಂಡುಗಳಲ್ಲಿ ಒಡೆದು ಚೂರಾಯಿತು. ಏಳು ಮಂದಿ ಸತ್ತರು. ಅವರಲ್ಲಿ ಒಬ್ಬರು ಕ್ರಿಸ್ಟಾ ಮೆಕಾಲಿಫ್ ಎಂಬ ಶಾಲಾ ಶಿಕ್ಷಕಿ. ಆಕಾಶದಿಂದ ಮಕ್ಕಳಿಗೆ ಪಾಠ ಹೇಳಲು ಹೊರಟಿದ್ದವರು ಅವರು. ತನಿಖಾ ಸಮಿತಿಯಲ್ಲಿ ಫೈನ್‌ಮನ್ ಇದ್ದರು. ಆಗಲೇ ಅವರನ್ನು ಕ್ಯಾನ್ಸರ್ ಕಾಡುತ್ತಿತ್ತು.

ಲಕ್ಷಾಂತರ ಭಾಗಗಳಲ್ಲಿ ಅನುಮಾನ ಹೋದದ್ದು ಒಂದು ರಬ್ಬರ್ ಬಳೆಯ ಮೇಲೆ. ರಾಕೆಟ್‌ನ ತುಂಡುಗಳ ಸಂದಿಯಿಂದ ಬಿಸಿ ಅನಿಲ ನುಗ್ಗದಂತೆ ಅದು ತಡೆಯಬೇಕಿತ್ತು. ಅಂದು ಬೆಳಗ್ಗೆ ವಿಪರೀತ ಚಳಿ. ಚಳಿಯಲ್ಲಿ ಹಾರಿಸಬೇಡಿ ಎಂದು ರಾಕೆಟ್ ತಯಾರಿಸಿದ ಎಂಜಿನಿಯರುಗಳು ಹಿಂದಿನ ರಾತ್ರಿಯೇ ಎಚ್ಚರಿಸಿದ್ದರು. ಯಾರೂ ಕಿವಿಗೊಡಲಿಲ್ಲ. ವಿಚಾರಣೆಯ ನಡುವೆ, ಎಲ್ಲರೆದುರು, ಫೈನ್‌ಮನ್ ಆ ರಬ್ಬರಿನ ಒಂದು ತುಂಡನ್ನು ಹಿಡಿಕೆಯಿಂದ ಅದುಮಿ ಮಂಜುಗಡ್ಡೆ ಹಾಕಿದ ನೀರಿನ ಲೋಟದಲ್ಲಿ ಇಟ್ಟರು. ಹೊರತೆಗೆದು ಹಿಡಿಕೆ ಸಡಿಲಿಸಿದಾಗ ರಬ್ಬರ್ ಕೂಡಲೇ ಮೊದಲಿನ ಆಕಾರಕ್ಕೆ ಬರಲಿಲ್ಲ. ಒಂದು ಲೋಟ ನೀರಿನಿಂದ ವಿಷಯ ಎಲ್ಲರಿಗೂ ಅರ್ಥವಾಯಿತು.

ಫೈನ್‌ಮನ್ 1988ರ ಫೆಬ್ರವರಿ 15ರಂದು ತೀರಿಕೊಂಡರು. ಅದೇ ವರ್ಷ ಸೆಪ್ಟೆಂಬರ್ 29ರಂದು ಗಗನನೌಕೆ ಮತ್ತೆ ಹಾರಿತು. ಆ ಸಂದಿಗಳಲ್ಲಿ ಈಗ ಇನ್ನೊಂದು ರಬ್ಬರ್ ಬಳೆಯೂ, ಅವನ್ನು ಬೆಚ್ಚಗಿಡುವ ಹೀಟರುಗಳೂ ಇದ್ದವು.